ಝಡ್ ಬೋರ್ಡೇ ಬೇಕೇ, ಗಾಳಿಯ ಕೂಲರ್ ಸಾಕೇ? ಕರಾವಳಿಯ ಸೆಕೆಯಲ್ಲಿ ಓವರ್‌ಕ್ಲಾಕ್ ಮಾಡಿದವರು ತಿಳಿಸಿ

ಕಟಪಾಡಿಯಿಂದ ಪ್ರಶ್ನೆ:
ದುಬೈಗೆ ಹೋಗುವಾಗ ಅಣ್ಣ ತನ್ನ ಇಂಟೆಲ್ ಐ5-12600ಕೆ ಪ್ರೊಸೆಸರನ್ನೂ 32 ಜಿಬಿ ಡಿಡಿಆರ್4 ಮೆಮೊರಿಯನ್ನೂ ನನಗೆ ಕೊಟ್ಟು ಹೋಗಿದ್ದಾನೆ. ನಾನು ಯಕ್ಷಗಾನ ಬಯಲಾಟಗಳನ್ನು ರಾತ್ರಿಯಿಡೀ ಚಿತ್ರೀಕರಿಸಿ ಮನೆಯಲ್ಲಿ ಸಂಕಲನ ಮಾಡುವವನು. ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿಯುವುದರೊಳಗೆ ಕಂಪ್ಯೂಟರ್ ಕಟ್ಟಿ ಓವರ್‌ಕ್ಲಾಕ್ ಮಾಡಬೇಕೆಂದಿದ್ದೇನೆ, ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಬೇಕೆಂದಿದ್ದೇನೆ. ಮದರ್‌ಬೋರ್ಡ್ ಮತ್ತು ಪ್ರೊಸೆಸರಿನ ಬಿಸಿ ಇಳಿಸುವ ಕೂಲರ್ ಎರಡಕ್ಕೂ ಸೇರಿ 25,000 ರೂಪಾಯಿ ಇಟ್ಟುಕೊಂಡಿದ್ದೇನೆ. ಕೋಣೆಯಲ್ಲಿ ಎಸಿ ಇಲ್ಲ, ಫ್ಯಾನ್ ಮಾತ್ರ. ಯಾವ ಬೋರ್ಡ್, ಎಂಥ ಕೂಲರ್? ಇಲ್ಲಿಯ ಹವೆಯಲ್ಲಿ ಮಾಡಿ ನೋಡಿದವರು ಹೇಳಿ.

ಸುರತ್ಕಲ್‌ನಿಂದ:
ನನ್ನದೂ 12600ಕೆ. 2022ರ ಜೂನ್‌ನಲ್ಲಿ ಅಂಗಡಿಯವರ ಮಾತು ನಂಬಿ ಬಿ660 ಬೋರ್ಡ್ ತಂದೆ, 11,800 ರೂಪಾಯಿ. "ಇದರಲ್ಲಿ ಓವರ್‌ಕ್ಲಾಕ್ ಆಗುತ್ತದೆಯೇ?" ಎಂದು ಎರಡು ಸಲ ಕೇಳಿದ್ದೆ. "ಎಲ್ಲ ಆಗುತ್ತದೆ" ಎಂದರು. ಮನೆಗೆ ತಂದು ಬಯೋಸ್ (ಬೋರ್ಡಿನ ಸೆಟ್ಟಿಂಗ್ ಪುಟ) ತೆರೆದರೆ ಮೆಮೊರಿಯ ವೇಗ ಮಾತ್ರ ಏರಿಸಬಹುದು, ಪ್ರೊಸೆಸರಿನ ವೇಗ ನಿರ್ಧರಿಸುವ ಗುಣಕಕ್ಕೆ (ಮಲ್ಟಿಪ್ಲೈಯರ್) ಬೀಗ. ಇಂಟೆಲ್ ಆ ಬೀಗ ತೆರೆಯುವುದು ಹೆಸರು ಝಡ್‌ನಿಂದ ಶುರುವಾಗುವ ಚಿಪ್‌ಸೆಟ್‌ಗೆ (ಬೋರ್ಡಿನ ಮುಖ್ಯ ಚಿಪ್) ಮಾತ್ರ. ಹಿಂದಿರುಗಿಸಲು ಹೋದರೆ ಪೆಟ್ಟಿಗೆ ಒಡೆದಿದೆ ಎಂದರು. ಕೊನೆಗೆ ಒಬ್ಬ ವಿದ್ಯಾರ್ಥಿಗೆ 6,500ಕ್ಕೆ ಮಾರಿದೆ. ಝಡ್690 ಬೋರ್ಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 19,400ಕ್ಕೆ ತರಿಸಿದೆ, ಬಸ್ ಪಾರ್ಸೆಲ್ 350. ಅದು ಜುಲೈ, ಶಿರಾಡಿ ಘಾಟಿಯ ರಸ್ತೆ ದೋಣಿಗಲ್ ಬಳಿ ಕುಸಿದ ಹೊತ್ತು. ಪಾರ್ಸೆಲ್ ನನ್ನ ಕೈಸೇರಲು 13 ದಿನ ಬೇಕಾಯಿತು. ಒಂದು ಸುಳ್ಳು ಮಾತಿಗೆ ನಾನು ತೆತ್ತದ್ದು 5,650 ರೂಪಾಯಿ. ಇಂದಿಗೂ ಆ ಅಂಗಡಿಯ ಮುಂದೆ ಹೋಗುವಾಗ ಹೊಟ್ಟೆ ಉರಿಯುತ್ತದೆ.

ಆದರೆ ಝಡ್ ಬಂದ ಮೇಲೆ ಎಲ್ಲ ಪಿ-ಕೋರ್‌ಗಳೂ (ಪ್ರೊಸೆಸರಿನ ಹೆಚ್ಚು ವೇಗದ ಕೋರ್‌ಗಳು) 1.26 ವೋಲ್ಟ್‌ನಲ್ಲಿ 5.0 ಗಿಗಾಹರ್ಟ್ಸ್‌ಗೆ ನಿಂತವು. ಓವರ್‌ಕ್ಲಾಕ್ ಮಾಡದಿದ್ದಾಗಿನ ವೇಗ, ಎಲ್ಲ ಕೋರ್‌ಗೂ ಕೆಲಸವಿದ್ದಾಗ, 4.5. ಲೋಹದ ರೆಕ್ಕೆಗಳ ಎರಡು ಗೋಪುರವಿರುವ ಗಾಳಿಯ ಕೂಲರ್ ಹಾಕಿದ್ದೇನೆ. ಮೇ ತಿಂಗಳ ಮಧ್ಯಾಹ್ನದಲ್ಲೂ 88 ಡಿಗ್ರಿ ದಾಟಿಲ್ಲ.

ಪಡುಬಿದ್ರಿಯಿಂದ:
ಪಂಪಿನಿಂದ ನೀರು ಹರಿಸಿ ಪ್ರೊಸೆಸರಿನ ಬಿಸಿಯನ್ನು ರೇಡಿಯೇಟರಿಗೆ ಒಯ್ಯುವ ನೀರಿನ ಕೂಲರ್ ಬೇಡ. ಬೇಡವೇ ಬೇಡ. ನಮ್ಮ ಮನೆಯಿಂದ ಸಮುದ್ರ ಅರ್ಧ ಕಿಲೋಮೀಟರ್. 14,500 ಕೊಟ್ಟು 360 ಮಿಲಿಮೀಟರ್ ರೇಡಿಯೇಟರಿನದು ಹಾಕಿಸಿದೆ. ಮೊದಲ ಬೇಸಿಗೆಯಲ್ಲಿ ಚೆನ್ನಾಗಿತ್ತು, ಅದನ್ನು ಒಪ್ಪುತ್ತೇನೆ. ಒಂದು ಮಳೆಗಾಲ ಕಳೆದಾಗ ರೇಡಿಯೇಟರಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿಳಿ ಪುಡಿ. ಎರಡನೆಯ ಮಳೆಗಾಲಕ್ಕೆ ಪಂಪು ಕರಕರ ಎನ್ನತೊಡಗಿತು, ಬ್ರೌಸರ್ ತೆರೆದರೆ 80 ಡಿಗ್ರಿ, ಸಂಕಲನಕ್ಕೆ ಕುಳಿತರೆ 100ಕ್ಕೆ ಮುಟ್ಟಿ ವೇಗ ತಾನಾಗಿಯೇ ಇಳಿಯುವುದು. ವಾರಂಟಿಗೆ ಕಳುಹಿಸಿದೆ. 41 ದಿನ! ಆ 41 ದಿನ ಕಂಪ್ಯೂಟರ್ ಬಿಚ್ಚಿಟ್ಟ ಹಾಗೆಯೇ ಮೇಜಿನ ಮೇಲಿತ್ತು. ಕೊನೆಗೆ ಬಂದ ಉತ್ತರ, "ತುಕ್ಕು ವಾರಂಟಿಯೊಳಗೆ ಬರುವುದಿಲ್ಲ."

ಮತ್ತೆ 4,200ಕ್ಕೆ ಗಾಳಿಯ ಕೂಲರ್ ತಂದೆ. ಅದರ ಎತ್ತರ 157 ಮಿಲಿಮೀಟರ್, ನನ್ನ ಕ್ಯಾಬಿನೆಟ್ ಹಿಡಿಸುವುದು 155. ಎರಡು ಮಿಲಿಮೀಟರಿಗಾಗಿ ಪಕ್ಕದ ಗಾಜು ಮುಚ್ಚಲಿಲ್ಲ. ಒಂದು ತಿಂಗಳು ತೆರೆದೇ ಇಟ್ಟೆ, ಒಳಗೆ ಇರುವೆ ಗೂಡು ಕಟ್ಟಿತು. ಕ್ಯಾಬಿನೆಟ್‌ಗೆ ಮತ್ತೆ 5,100. ಈಗ ಗಾಳಿಯಲ್ಲೇ ಇದ್ದೇನೆ, ಮೂರನೆಯ ವರ್ಷ.

ಮಲ್ಪೆಯಿಂದ:
ಪಡುಬಿದ್ರಿಯವರೇ, ಸಮುದ್ರದ ಮೇಲೆ ತಪ್ಪು ಹೊರಿಸಬೇಡಿ. ನನ್ನ ಮನೆ ನಿಮ್ಮದಕ್ಕಿಂತ ದಡಕ್ಕೆ ಹತ್ತಿರ. 240ರ ನೀರಿನ ಕೂಲರ್ ನಾಲ್ಕು ವರ್ಷದಿಂದ ನಡೆಯುತ್ತಿದೆ, ಒಂದು ದಿನ ಕೈಕೊಟ್ಟಿಲ್ಲ. ಪ್ರತಿ ಭಾನುವಾರ ಬಣ್ಣದ ಬ್ರಷ್ಷಿನಿಂದ ರೆಕ್ಕೆ ಗುಡಿಸುತ್ತೇನೆ. ಮಳೆಗಾಲದಲ್ಲಿ ಕೆಲಸವಿರಲಿ ಇಲ್ಲದಿರಲಿ ದಿನಕ್ಕೆ ಒಂದು ಗಂಟೆ ಓಡಿಸುತ್ತೇನೆ, ಒಳಗಿನ ಬಿಸಿಗೆ ತೇವ ಒಣಗುತ್ತದೆ. ವಾರಗಟ್ಟಲೆ ಮುಚ್ಚಿಟ್ಟರೆ ಯಾವ ಲೋಹವೂ ಉಳಿಯುವುದಿಲ್ಲ, ನಮ್ಮ ದೋಣಿಯ ಎಂಜಿನ್‌ಗೂ ಅದೇ ನಿಯಮ. ಇನ್ನು ನಿಮ್ಮ ಪಂಪಿನ ಕರಕರ: ರೇಡಿಯೇಟರನ್ನು ಕೆಳಗಿಟ್ಟು ಪಂಪನ್ನು ಎಲ್ಲಕ್ಕಿಂತ ಮೇಲಿಟ್ಟರೆ ಒಳಗಿನ ಗಾಳಿಯೆಲ್ಲ ಪಂಪಿಗೆ ಬಂದು ನಿಲ್ಲುತ್ತದೆ. ಕೂರಿಸಿದವರು ತಪ್ಪಿದ್ದಾರೆ.

ಪಡುಬಿದ್ರಿಯಿಂದ:
ನೋಡದೆಯೇ ತೀರ್ಪು ಕೊಡುತ್ತೀರಲ್ಲ ಮಾರಾಯರೇ! ರೇಡಿಯೇಟರ್ ಕ್ಯಾಬಿನೆಟ್ಟಿನ ತಲೆಯ ಮೇಲೆಯೇ ಇತ್ತು, ಪಂಪು ಅದಕ್ಕಿಂತ ಒಂದು ಗೇಣು ಕೆಳಗೆ. ನಾನೇ ಕೂರಿಸಿದ್ದು, ಕೈಪಿಡಿ ಓದಿ ಕೂರಿಸಿದ್ದು. ನನಗೆ ಬಂದ ಕೂಲರ್ ಕೆಟ್ಟದ್ದಾಗಿತ್ತು, ಅಷ್ಟೇ. ಪ್ರತಿ ಭಾನುವಾರ ಬ್ರಷ್ ಹಿಡಿಯಬೇಕಾದ ವಸ್ತುವನ್ನು ಇನ್ನೊಬ್ಬರಿಗೆ ಕೊಳ್ಳಿ ಎನ್ನುವುದು ನ್ಯಾಯವೇ?

ಕುಂದಾಪುರದಿಂದ:
ನೀವಿಬ್ಬರೂ ಪ್ರೊಸೆಸರಿನ ಬಿಸಿಯನ್ನೇ ಹೇಳುತ್ತಿದ್ದೀರಿ. ನನ್ನನ್ನು ಸತಾಯಿಸಿದ್ದು ವಿಆರ್‌ಎಂ, ಅಂದರೆ ಪ್ರೊಸೆಸರಿಗೆ ತಕ್ಕ ವೋಲ್ಟೇಜ್ ಕೊಡುವ ಬೋರ್ಡಿನ ಭಾಗ. ನನ್ನದು ಇಂಟೆಲ್ ಅಲ್ಲ, ಎಎಂಡಿ, ರೈಝನ್ 7 3700ಎಕ್ಸ್, ಅಗ್ಗದ ಬಿ450 ಬೋರ್ಡ್. ಎಎಂಡಿಯಲ್ಲಿ ಬಿ ಚಿಪ್‌ಸೆಟ್ಟಿನಲ್ಲೂ ಓವರ್‌ಕ್ಲಾಕ್ ಆಗುತ್ತದೆ, ಹಾಗಾಗಿ ಅಗ್ಗದ್ದೇ ಸಾಕೆಂದುಕೊಂಡೆ. ಆ ಬೋರ್ಡಿನ ಮಾಸ್‌ಫೆಟ್‌ಗಳ (ವಿಆರ್‌ಎಂನಲ್ಲಿ ಬಿಸಿಯಾಗುವ ಚಿಪ್‌ಗಳು) ಮೇಲೆ ಒಂದು ತುಂಡು ಅಲ್ಯೂಮಿನಿಯಂ ಸಹ ಇರಲಿಲ್ಲ. ಪ್ರೊಸೆಸರಿನ ಜೊತೆಗೇ ಬಂದ ಕೂಲರ್ ಇದ್ದಾಗ 4.2 ಗಿಗಾಹರ್ಟ್ಸ್ ಹೇಗೋ ನಡೆಯುತ್ತಿತ್ತು. ಇನ್ನೂ ತಂಪಾಗಲಿ ಎಂದು 3,900ಕ್ಕೆ ದೊಡ್ಡ ಗೋಪುರದ ಕೂಲರ್ ಹಾಕಿದೆ. ಪ್ರೊಸೆಸರ್ 14 ಡಿಗ್ರಿ ಇಳಿಯಿತು. ಆದರೆ ಅರ್ಧ ಗಂಟೆಯ ಕೆಲಸಕ್ಕೇ ವೇಗ ಕುಸಿಯತೊಡಗಿತು! ಮೂರು ವಾರ ಕಾರಣ ತಿಳಿಯಲಿಲ್ಲ. ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ನಾಲ್ಕು ಸಲ ಬದಲಿಸಿದೆ, ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ, ಪವರ್ ಸಪ್ಲೈ ಗೆಳೆಯನದು ತಂದು ನೋಡಿದೆ.

ಕೊನೆಗೆ ಮಂಜುಗಡ್ಡೆ ಕಾರ್ಖಾನೆಯಲ್ಲಿರುವ ಭಾವನಿಂದ ಉಷ್ಣತೆ ಅಳೆಯುವ ಗನ್ ತಂದು ಹಿಡಿದರೆ ಮಾಸ್‌ಫೆಟ್ 112 ಡಿಗ್ರಿ. ಹಳೆಯ ಕೂಲರಿನಲ್ಲಿ 96. ಹಳೆಯದು ಬೋರ್ಡಿನ ಕಡೆಗೆ ಗಾಳಿ ಊದುತ್ತಿತ್ತು, ಗೋಪುರ ಗಾಳಿಯನ್ನು ಅಡ್ಡವಾಗಿ ಹಿಂದಕ್ಕೆ ತಳ್ಳುತ್ತದೆ. ವಿಆರ್‌ಎಂಗೆ ಉಸಿರೇ ಇಲ್ಲ. 450 ರೂಪಾಯಿಯ ಸಣ್ಣ ಫ್ಯಾನನ್ನು ಅದರ ಮುಖಕ್ಕೆ ಕಟ್ಟಿದೆ, 85ಕ್ಕೆ ಇಳಿಯಿತು. ಬೋರ್ಡ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಬಣ್ಣದ ದೀಪಗಳನ್ನು ನೋಡಬೇಡಿ, ವಿಆರ್‌ಎಂ ಮೇಲೆ ಹೊದಿಸಿದ ಲೋಹದ ತೂಕ ನೋಡಿ.

ಕದ್ರಿಯಿಂದ:
ಇದನ್ನೆಲ್ಲ ಓದಿ ಬೇಸರವಾಗುತ್ತಿದೆ. ಓವರ್‌ಕ್ಲಾಕ್ ಏಕೆ ಬೇಕು? 4.5ರಿಂದ 5.0 ಎಂದರೆ ನೂರಕ್ಕೆ ಹನ್ನೊಂದು. 12600ಕೆಯೊಳಗೆ ಯುಎಚ್‌ಡಿ 770 ಗ್ರಾಫಿಕ್ಸ್ ಇದೆ, ಅದರಲ್ಲಿರುವ ಕ್ವಿಕ್ ಸಿಂಕ್ ಎಂಬ ವಿಡಿಯೊ ಭಾಗವನ್ನು ಬಳಸಿದರೆ ವಿಡಿಯೊ ಎನ್‌ಕೋಡ್ ಮಾಡುವ (ಕಡತವಾಗಿ ಕುಗ್ಗಿಸಿ ಹೊರತೆಗೆಯುವ) ಭಾರದ ಬಹುಪಾಲು ಕೋರ್‌ಗಳಿಂದ ಇಳಿಯುತ್ತದೆ. ನಾನು ವೋಲ್ಟೇಜನ್ನು ಏರಿಸುವ ಬದಲು 0.08 ಇಳಿಸಿದ್ದೇನೆ. ವೇಗ ಅಷ್ಟೇ ಇದೆ, ಬಿಸಿ 9 ಡಿಗ್ರಿ ಕಡಿಮೆ.

ಕೂಲರಿಗೆ ಸುರಿಯುವ ಹಣವನ್ನು ಮೊದಲು ಅರ್ತಿಂಗಿಗೆ ಹಾಕಿ. ಕಳೆದ ವರ್ಷ ಮೇ ತಿಂಗಳ ಗುಡುಗಿಗೆ ನನ್ನ 22,000ದ ಬೋರ್ಡ್ ಹೋಯಿತು. ವಿದ್ಯುತ್ ಪ್ಲಗ್ ಕಿತ್ತಿದ್ದೆ. ಸಿಡಿಲು ಬಂದದ್ದು ಇಂಟರ್ನೆಟ್ ತಂತಿಯಿಂದ. ಲ್ಯಾನ್ ಪೋರ್ಟ್ ಕಪ್ಪಾಗಿತ್ತು. ಎರಡೂ ಕೀಳಬೇಕು, ಎರಡೂ!

ಸುರತ್ಕಲ್‌ನಿಂದ:
ಕೇಳಿದವರು ಓವರ್‌ಕ್ಲಾಕ್ ಹೇಗೆ ಎಂದು ಕೇಳಿದ್ದಾರೆ, ಏಕೆ ಎಂದಲ್ಲ. ಇಡೀ ರಾತ್ರಿಯ ಆಟವನ್ನು ಬಣ್ಣ ತಿದ್ದಿ, ಚೆಂಡೆಯ ಸದ್ದು ತಗ್ಗಿಸಿ, ಭಾಗವತರ ಧ್ವನಿ ಎತ್ತಿ ಹೊರತೆಗೆಯುವವರಿಗೆ ಆ ಹನ್ನೊಂದು ಎಷ್ಟು ದೊಡ್ಡದು ಎಂದು ನಿಮಗೆ ತಿಳಿದಿಲ್ಲ. ಸದ್ದು, ಬಣ್ಣದ ಎಷ್ಟೋ ಫಿಲ್ಟರ್‌ಗಳು ಕೋರ್‌ಗಳ ಮೇಲೆಯೇ ನಡೆಯುವುದು, ಕ್ವಿಕ್ ಸಿಂಕ್ ಅಲ್ಲಿಗೆ ಬರುವುದಿಲ್ಲ.

ಕದ್ರಿಯಿಂದ:
ತಿಳಿದಿದೆ. ಹತ್ತು ವರ್ಷದಿಂದ ಮದುವೆಯ ವಿಡಿಯೊ ಮಾಡಿಯೇ ಮನೆ ನಡೆಸುತ್ತಿದ್ದೇನೆ. ನಡುರಾತ್ರಿ ನೀಲಿ ಪರದೆ ಬಂದು ಆರು ಗಂಟೆಯ ಕೆಲಸ ಕಳೆದುಕೊಂಡವನ ಮಾತು ಇದು. ಸ್ಥಿರವಾಗಿರದ 5.0ಕ್ಕಿಂತ ಸ್ಥಿರವಾದ 4.5 ವೇಗವಾಗಿ ಮುಗಿಸುತ್ತದೆ.

ಕಿನ್ನಿಗೋಳಿಯಿಂದ:
ಅರ್ತಿಂಗಿನ ಮಾತಿಗೆ: ನಮ್ಮದು ಮುರಕಲ್ಲಿನ ಗುಡ್ಡ. ಗುಂಡಿ ತೋಡಲು 2,800 ಕೂಲಿ, ಇದ್ದಿಲು, ಉಪ್ಪು ತುಂಬಿಸಿದೆ. ಮೂರೇ ವರ್ಷಕ್ಕೆ ಕಬ್ಬಿಣದ ಪೈಪ್ ಉಪ್ಪಿಗೆ ತಿಂದುಹೋಯಿತು. ಬೇಸಿಗೆಯಲ್ಲಿ ಬಾವಿ ಬತ್ತಿ ಗುಂಡಿಗೆ ನೀರೆರೆಯಲೂ ಆಗುವುದಿಲ್ಲ. ಈಗ ತಾಮ್ರದ್ದು ಹಾಕಿಸಿದ್ದೇನೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದ್ದದ್ದು ನಿಂತಿದೆ.

ಕಟಪಾಡಿಯಿಂದ:
ಎಲ್ಲರಿಗೂ ನಮಸ್ಕಾರ. ಝಡ್690 ಎಂದು ತೀರ್ಮಾನಿಸಿದೆ. ಒಂದೇ ಒಂದು ಸಂದೇಹ: ನನ್ನ ಮೆಮೊರಿ ಡಿಡಿಆರ್4. ಎಲ್ಲ ಝಡ್690 ಬೋರ್ಡುಗಳೂ ಅದನ್ನು ಹಿಡಿಸುತ್ತವೆಯೇ?

ಕುಂದಾಪುರದಿಂದ:
ಇಲ್ಲ, ಇಲ್ಲ! ಡಿಡಿಆರ್4ಕ್ಕೆ ಬೇರೆ ಬೋರ್ಡ್, ಡಿಡಿಆರ್5ಕ್ಕೆ ಬೇರೆ. ಕಚ್ಚಿನ ಜಾಗವೇ ಬೇರೆ, ಒತ್ತಿದರೂ ಕೂರುವುದಿಲ್ಲ. ಪೆಟ್ಟಿಗೆಯ ಮೇಲೆ ಡಿ4 ಅಥವಾ ಡಿಡಿಆರ್4 ಎಂದು ಓದಿಯೇ ಹಣ ಕೊಡಿ. ಇಷ್ಟು ಹೊತ್ತು ಯಾರೂ ಇದನ್ನು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮಲ್ಪೆಯಿಂದ:
ಪಡುಬಿದ್ರಿಯವರು ನನ್ನ ಮಾತು ಸುಳ್ಳೆನ್ನುವ ಹಾಗೆ ಬರೆದಿದ್ದಾರೆ. ಬರುವ ಭಾನುವಾರ ಮನೆಗೆ ಬನ್ನಿ. ನಿಮ್ಮ ಮುಂದೆಯೇ ಮುಚ್ಚಳ ತೆಗೆಯುತ್ತೇನೆ, ಒಂದು ಗಂಟೆ ಪೂರ್ತಿ ಭಾರ ಹಾಕಿ ಓಡಿಸುತ್ತೇನೆ.

ಪಡುಬಿದ್ರಿಯಿಂದ:
ಬರುತ್ತೇನೆ. ನನ್ನ ರೇಡಿಯೇಟರನ್ನೂ ತರುತ್ತೇನೆ, ಬಿಳಿ ಪುಡಿ ಇನ್ನೂ ಹಾಗೆಯೇ ಇದೆ. ಪಂಪು ಎಲ್ಲಿ ಕೆಟ್ಟಿತು ಎಂದು ಬಿಚ್ಚಿ ತೋರಿಸಿ.