ಅಪ್‌ಡೇಟ್: ಹಣ ಬಂತು, ಕೋಡ್‌ನ ಅರ್ಥವೂ ಗೊತ್ತಾಯ್ತು

ಹೋದ ವಾರ ಕೇಳಿದ್ದೆ: ಹೊರದೇಶದಿಂದ ನನಗೆ ಕಳಿಸಿದ ಹಣ ಆರು ದಿನವಾದರೂ ಬಂದಿಲ್ಲ, ಸ್ವಿಫ್ಟ್ (ದೇಶದೇಶಗಳ ಬ್ಯಾಂಕುಗಳ ನಡುವಿನ ಸಂದೇಶ ಜಾಲ) ಟ್ರ್ಯಾಕಿಂಗ್‌ನಲ್ಲಿ ‘ಎಸಿಎಸ್‌ಪಿ’ ಅನ್ನೋ ಸ್ಟೇಟಸ್ ಕೋಡೇ ಇದೆ, ಏನರ್ಥ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಹಣ ಖಾತೆಗೆ ಬಂತು.

ಎಸಿಎಸ್‌ಪಿ ಅಂದರೆ ಹಣ ಇನ್ನೂ ದಾರಿಯಲ್ಲಿದೆ, ಅಷ್ಟೇ. ಯಾಕೆ ನಿಂತಿದೆ ಅನ್ನೋದನ್ನು ಅದರ ಪಕ್ಕದ ಕೋಡ್ ಹೇಳುತ್ತದೆ. ನಾನು ಅದನ್ನು ನೋಡಿಯೇ ಇರಲಿಲ್ಲ. ಜಿ000 ಇದ್ದರೆ ಮುಂದಿನ ಬ್ಯಾಂಕಿಗೆ ದಾಟಿದೆ. ಜಿ001 ಇದ್ದರೆ ಟ್ರ್ಯಾಕಿಂಗ್ ಇಲ್ಲದ ಬ್ಯಾಂಕಿಗೆ ಹೋಗಿದೆ, ಆಮೇಲೆ ಸುದ್ದಿ ಬರದೇ ಇರಬಹುದು. ನನ್ನದು ಜಿ003: ದಾಖಲೆಗಾಗಿ ಕಾಯುತ್ತಿದೆ.

ನೀವು ಹೇಳಿದ ಹಾಗೆ ಕಳಿಸಿದವರಿಂದ ಯುಇಟಿಆರ್ ತರಿಸಿಕೊಂಡೆ. ಪ್ರತಿ ಪಾವತಿಯನ್ನು ಹುಡುಕಲು ಇರುವ, ಅಡ್ಡಗೆರೆ ಸೇರಿ 36 ಅಕ್ಷರದ ಉದ್ದನೆಯ ನಂಬರ್ ಅದು. ಕೈಯಲ್ಲಿ ಬರೆಯಬೇಡಿ, ಕಾಪಿ ಮಾಡಿಯೇ ಕಳಿಸಿ. ಅದನ್ನು ಕೊಟ್ಟ ಹತ್ತೇ ನಿಮಿಷದಲ್ಲಿ ನನ್ನ ಬ್ಯಾಂಕಿನವರು ಹುಡುಕಿ ಹೇಳಿದರು. ಹಣ ಅವರ ಹತ್ತಿರವೇ ಇತ್ತು! ಇನ್‌ವಾಯ್ಸ್ ಬೇಕಿತ್ತಂತೆ. ನನಗೊಂದು ಮಾತು ತಿಳಿಸಬಹುದಿತ್ತು ಅಲ್ವಾ? ನಿಜಕ್ಕೂ ಬೇಜಾರಾಯಿತು.

ಇನ್‌ವಾಯ್ಸ್ ಕಳಿಸಿದ ಮರುದಿನ ಸ್ಟೇಟಸ್ ‘ಎಸಿಸಿಸಿ’ ಆಯಿತು, ಅಂದರೆ ಖಾತೆಗೆ ಜಮಾ. ‘ಆರ್‌ಜೆಸಿಟಿ’ ಅಂತ ಬಂದರೆ ಪಾವತಿ ತಿರಸ್ಕಾರವಾಗಿದೆ ಅಂತ.

ಮೊತ್ತ ಸ್ವಲ್ಪ ಕಡಿಮೆ ಬಂದಿದೆ. ಕಳಿಸುವಾಗ ಶುಲ್ಕದ ಜಾಗದಲ್ಲಿ ‘ಎಸ್‌ಎಚ್‌ಎ’ (ಶುಲ್ಕವನ್ನು ಕಳಿಸುವವರು, ಪಡೆಯುವವರು ಹಂಚಿಕೊಳ್ಳುವುದು) ಆರಿಸಿದ್ದರು, ಹಾಗಾಗಿ ಮಧ್ಯದ ಬ್ಯಾಂಕು ತನ್ನ ಪಾಲು ಮುರಿದುಕೊಂಡಿದೆ.