ಸಹಾಯ ಬೇಕು: ಸ್ತನ ಮರುನಿರ್ಮಾಣ ಮಾಡಿಸಿಕೊಂಡವರು, ಬೇಡವೆಂದವರು ದಯವಿಟ್ಟು ತಿಳಿಸಿ

ನನಗೆ 46 ವರ್ಷ. ಕ್ಯಾನ್ಸರಿನಿಂದಾಗಿ ಎಡಸ್ತನವನ್ನು ಪೂರ್ತಿ ತೆಗೆದಿದ್ದಾರೆ. ರೇಡಿಯೇಷನ್ ಮುಗಿದು ಎಂಟು ತಿಂಗಳಾಯಿತು. ಸಿಲಿಕೋನ್ ಪ್ಯಾಡ್ ಬಳಸಿ ನೋಡಿದೆ, ಆದರೆ ಬೆವರಿಗೆ ಹೊಲಿಗೆಯ ಗುರುತಿನ ಮೇಲೆ ತುರಿಕೆಯಾಗುತ್ತದೆ, ಬಗ್ಗಿ ರಂಗೋಲಿ ಹಾಕುವಾಗ ಅದು ಜಾರುತ್ತದೆ. ರೇಡಿಯೇಷನ್ ಆದ ಜಾಗದಲ್ಲಿ ಇಂಪ್ಲಾಂಟ್ (ಎದೆಯೊಳಗೆ ಕೂರಿಸುವ ಕೃತಕ ಸ್ತನ) ಇಟ್ಟರೆ ಸುತ್ತಲಿನ ಅಂಗಾಂಶ ಬಿಗಿದು ಗಟ್ಟಿಯಾಗುವ ಸಂಭವ ಹೆಚ್ಚೆಂದೂ, ಕೆಳಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ರಕ್ತನಾಳಗಳ ಸಮೇತ ತೆಗೆದು ಎದೆಗೆ ಜೋಡಿಸುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆಯೇ ನನಗೆ ಮೇಲೆಂದೂ ಪ್ಲಾಸ್ಟಿಕ್ ಸರ್ಜನ್ ಹೇಳಿದ್ದಾರೆ. ಅದಕ್ಕೆ ಹಲವು ಗಂಟೆ ಹಿಡಿಯುತ್ತದೆ, ಹೊಟ್ಟೆಗೂ ಉದ್ದನೆಯ ಹೊಲಿಗೆ ಬೀಳುತ್ತದೆ. ಈ ವಯಸ್ಸಿನಲ್ಲಿ ಯಾರಿಗಾಗಿ ಎಂದು ಅತ್ತೆಯವರು ಕೇಳುತ್ತಾರೆ. ನಿನ್ನಿಷ್ಟ ಎನ್ನುತ್ತಾರೆ ಯಜಮಾನರು. ಆ ಇಷ್ಟ ಯಾವುದೆಂಬುದೇ ನನಗೆ ತಿಳಿಯದಾಗಿದೆ.

ಫ್ಲ್ಯಾಪ್ ಮಾಡಿಸಿಕೊಂಡವರಿಗೆ ತುಂಬಿದ ಕೊಡ ಎತ್ತುವಷ್ಟು ಶಕ್ತಿ ಮರಳಲು ಎಷ್ಟು ತಿಂಗಳು ಬೇಕಾಯಿತು? ಬೇಡವೆಂದು ಬಿಟ್ಟವರಿಗೆ ಮುಂದೆ ಎಂದಾದರೂ ಮಾಡಿಸಬೇಕಿತ್ತು ಅನ್ನಿಸಿತೇ?