ಚಂಡಮಾರುತದ ಮಳೆ, ಮಾಗಿಯ ಚಳಿ: ಅಡೇನಿಯಂ, ಎಚೆವೇರಿಯಾ ಉಳಿಸಿಕೊಂಡವರು ಅನುಭವ ತಿಳಿಸಿ

ಪ್ರಶ್ನೆ, ಬೆಂಗಳೂರಿನ ಬಾಡಿಗೆ ಮನೆಯಿಂದ:
ದೀಪಾವಳಿ ಕಳೆದ ಮೇಲೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ನಮ್ಮ ತಾರಸಿ ಒದ್ದೆಯಾಗಿಯೇ ಇರುತ್ತದೆ. ಉಬ್ಬಿದ ಬುಡದಲ್ಲಿ ನೀರು ಕೂಡಿಡುವ ಅಡೇನಿಯಂ ಮತ್ತು ದಪ್ಪ ಎಲೆಗಳಲ್ಲಿ ನೀರು ಕೂಡಿಡುವ ಎಚೆವೇರಿಯಾ ಕುಂಡಗಳಿವೆ. ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಒಪ್ಪುವುದಿಲ್ಲ. ಚಳಿ, ಮಳೆ ಎರಡರಿಂದಲೂ ಗಿಡ ಕಾಪಾಡಿಕೊಂಡವರು ದಯವಿಟ್ಟು ತಿಳಿಸಿ.

ರಾಜರಾಜೇಶ್ವರಿನಗರದಿಂದ:
2022ರ ಡಿಸೆಂಬರಿನಲ್ಲಿ ಮಾಂಡೌಸ್ ಚಂಡಮಾರುತದ ಜಡಿಮಳೆ ಹಿಡಿದಾಗ ನನ್ನ ಅಡೇನಿಯಂಗಳ ಬುಡ ಒತ್ತಿದರೆ ಬೆರಳು ಒಳಗಿಳಿಯುವಷ್ಟು ಕೊಳೆತುಹೋದವು. ಮರುವರ್ಷ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲದ ಚಪ್ಪರ ಕಟ್ಟಿಸಿದೆ. ಜಿಐ ಪೈಪಿಗೆ 6,800, ವೆಲ್ಡರ್ ಕೂಲಿ 3,500, ಬಿಸಿಲಿಗೆ ಬೇಗ ಹಾಳಾಗದ 200 ಮೈಕ್ರಾನ್ ದಪ್ಪದ ಯುವಿ ಪ್ಲಾಸ್ಟಿಕ್ ಹಾಳೆಗೆ 2,300, ಹಾಳೆ ಹಿಡಿಯುವ ಪಟ್ಟಿ ಮತ್ತು ಸ್ಪ್ರಿಂಗಿಗೆ 1,200, ಒಟ್ಟು 13,800 ರೂಪಾಯಿ. ವೆಲ್ಡರ್ ಸಾಕಷ್ಟು ಇಳಿಜಾರು ಕೊಡದೆ ಹೋದದ್ದರಿಂದ ಮೊದಲ ಮಳೆಗೇ ನೀರು ನಡುವೆ ಮಡುಗಟ್ಟಿ ಹಾಳೆ ಹರಿಯಿತು. ಮತ್ತೆ 2,300 ತೆತ್ತೆ. ಆದರೆ 2024ರ ಫೆಂಗಲ್ ಚಂಡಮಾರುತದ ಮಳೆಯಲ್ಲಿ ಒಂದು ಗಿಡವೂ ಹೋಗಲಿಲ್ಲ. ನಾಲ್ಕೂ ಬದಿ ತೆರೆದಿಡಿ. ಮುಚ್ಚಿದರೆ ಒಳಗೆ ಬೆವರಿ ಹನಿಯುತ್ತದೆ.

ಮೈಸೂರಿನಿಂದ:
ಹದಿನಾರು ಸಾವಿರ ಸುರಿದು ಚಪ್ಪರ ಹಾಕುವ ಮೊದಲು ಕುಂಡದೊಳಗೆ ಏನಿದೆ ಎಂದು ನೋಡಬೇಕಿತ್ತು. ನರ್ಸರಿಯವರು ಬರೀ ಕೊಕೊಪೀಟಿನಲ್ಲಿ (ತೆಂಗಿನ ನಾರಿನ ಪುಡಿಯಲ್ಲಿ) ಕೂರಿಸಿ 450 ರೂಪಾಯಿಗೆ ಮಾರಿದ ಗಿಡವನ್ನು ಹಾಗೆಯೇ ಬಿಟ್ಟರೆ, ಮೇಲೆ ಹಾಳೆ ಇದ್ದರೂ ಚಳಿಗಾಲದಲ್ಲಿ ಬೇರು ಒಣಗದು. ನಾನು ತಂದ ದಿನವೇ ಬೇರು ತೊಳೆದು, ಮೂರು ಪಾಲು ಸಿಂಡರ್ (ಸುಟ್ಟ ಕಲ್ಲಿದ್ದಲಿನ ಹರಳು) ಮತ್ತು ಇಟ್ಟಿಗೆ ಚೂರಿಗೆ ಒಂದು ಪಾಲು ಕೆಂಪು ಮಣ್ಣು ಬೆರೆಸಿ ನೆಡುತ್ತೇನೆ. ರಾತ್ರಿಯ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದು ಅಡೇನಿಯಂ ಎಲೆ ಉದುರಿಸತೊಡಗಿದರೆ ಅದು ನಿದ್ರೆಗೆ ಹೋಗುತ್ತಿದೆ ಎಂದರ್ಥ. ಆಗ ಜನ ಹೆದರಿ ನೀರೆರೆಯುವುದೇ ಗಿಡಕ್ಕೆ ಮುಳುವು. ಎಚೆವೇರಿಯಾ ಮೆಕ್ಸಿಕೋದ ಬೆಟ್ಟಗಳ ಗಿಡವಾದ್ದರಿಂದ ನಮ್ಮ ಒಣಚಳಿ ಅದಕ್ಕೆ ಲೆಕ್ಕಕ್ಕಿಲ್ಲ.

ಮಡಿಕೇರಿಯಿಂದ:
ಬಯಲುಸೀಮೆಯವರ ಈ ಮಾತು ನಮ್ಮಲ್ಲಿ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆಯಾಗಿರುವಾಗ ಇಟ್ಟಿಗೆ ಚೂರು ನೀರು ಕುಡಿದು ಪಾಚಿಗಟ್ಟುತ್ತದೆ. ಪಾಲಿಕಾರ್ಬೊನೇಟ್ ಹಾಳೆಯ ಕೆಳಗಿಟ್ಟರೂ ಎಚೆವೇರಿಯಾದ ನಡುಸುಳಿ ಕಪ್ಪಾಗುತ್ತಿತ್ತು. ಸಣ್ಣ ಫ್ಯಾನನ್ನು ಹಗಲಿಡೀ ತಿರುಗಿಸಲು ಆರಂಭಿಸಿದ ಮೇಲೆಯೇ ಅದು ನಿಂತದ್ದು. ಕರೆಂಟ್ ಹೋದಾಗ ಯುಪಿಎಸ್ ಬೇಕು. ಅದರ ಬ್ಯಾಟರಿಗೆ ಕೊಟ್ಟ 11,500 ರೂಪಾಯಿಯನ್ನು ಮನೆಯವರು ಇಂದಿಗೂ ಎತ್ತಿ ಆಡುತ್ತಾರೆ.

ರಾಜರಾಜೇಶ್ವರಿನಗರದಿಂದ:
ಮೈಸೂರಿನವರೇ, ನನ್ನ ಸತ್ತ ಗಿಡಗಳೂ ಸಿಂಡರಿನಲ್ಲೇ ಇದ್ದವು. ತಿಳಿಯದೆ ಆಡಬೇಡಿ. ಅವು ಕಸಿ ಗಿಡಗಳಾಗಿದ್ದವು; ಕಸಿ ಬೇಗ ಕೊಳೆಯುತ್ತದೆ.

ಮೈಸೂರಿನಿಂದ:
ಕಸಿಯ ಕೆಳಗಿರುವುದೂ ಬೀಜದಿಂದ ಬಂದ ಬುಡವೇ, ಸ್ವಾಮಿ. ಬುಡ ಕೊಳೆತದ್ದಕ್ಕೆ ಮೇಲಿನ ಕೊಂಬೆಯನ್ನು ದೂರಿದರೆ ಹೇಗೆ? ಕೊಳೆತ ಭಾಗವನ್ನು ಬಿಳಿ ತಿರುಳು ಕಾಣುವವರೆಗೆ ಕೊಯ್ದು, ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಹಚ್ಚಿ, ಗಾಯ ಆರುವವರೆಗೆ ನೆರಳಿನಲ್ಲಿಟ್ಟಿದ್ದರೆ ಕೆಲವಾದರೂ ಉಳಿಯುತ್ತಿದ್ದವು.

ರಾಜರಾಜೇಶ್ವರಿನಗರದಿಂದ:
ಜಡಿಮಳೆಯಲ್ಲಿ ಗಾಯ ಆರುವ ಜಾಗ ಯಾವುದೆಂದು ತೋರಿಸಿ, ಬಂದು ನೋಡುತ್ತೇನೆ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಕೃತಜ್ಞತೆಗಳು. ಆದರೆ ವೆಲ್ಡಿಂಗಿಗೂ ಫ್ಯಾನಿಗೂ ನಮ್ಮಲ್ಲಿ ಅನುಕೂಲವಿಲ್ಲ. ಮೊಳೆ ಹೊಡೆಯದೆ ಏನಾದರೂ ಮಾಡಬಹುದೇ?

ತುಮಕೂರಿನಿಂದ:
ಪೂರ್ವದ ಕಿಟಕಿಯ ಸಜ್ಜದ ಕೆಳಗೆ ಬೆಳಗಿನ ಬಿಸಿಲು ಸಿಗುವಂತೆ ಇಟ್ಟಿಗೆಯ ಮೇಲೆ ಹಲಗೆ ಹಾಸಿ ಕುಂಡಗಳನ್ನು ಜೋಡಿಸಿ. ಕುಂಡದಡಿಯ ತಟ್ಟೆಗಳನ್ನು ತೆಗೆದಿಡಿ. ಚಳಿ ಮುಗಿದು ಅಡೇನಿಯಂ ಚಿಗುರುವವರೆಗೆ ಅದಕ್ಕೆ ನೀರು ಬೇಡ. ಖರ್ಚು ಏನೂ ಇಲ್ಲ.

ಮಡಿಕೇರಿಯಿಂದ:
ಸಜ್ಜದ ಕೆಳಗೂ ಇರಚಲು ಹೊಡೆಯುತ್ತದೆ. ನಮ್ಮಲ್ಲಿಗೆ ಬಂದು ಇಟ್ಟು ನೋಡಿ.

ತುಮಕೂರಿನಿಂದ:
ಅವರು ಕೇಳಿದ್ದು ಬೆಂಗಳೂರಿನ ತಾರಸಿಗೆ. ಇರಚಲು ಬರುವ ದಿನ ಕುಂಡಗಳನ್ನು ಒಳಗಿಟ್ಟುಕೊಳ್ಳಲಿ.